ಡೊಮಿಟೀಲಳಿಗಾಗಿ ಕೂತ ಸಂಜೆ

ಮೆಲ್ಕಿಯಾದ್ ನಮ್ಮ ಪಕ್ಕದ ಮನೆಗೆ ಬಂದ ದಿನ ಓಣಿಯ ಮಕ್ಕಳೆಲ್ಲ "ಬಿಳಿಯ ಬಂದ, ಬಿಳಿಯ ಬಂದ" ಎಂದು ಕೂಗುತ್ತ ಕಾರಿನ ಹಿಂದೆ ಓಡಿದರು. ಕಾರಿನಿಂದ ಇಳಿದವನು ನಮ್ಮೆಲ್ಲರಿಗಿಂತ ಕಪ್ಪಗಿದ್ದ. ಮಕ್ಕಳದೇನೂ ತಪ್ಪಿರಲಿಲ್ಲ. ಬಣ್ಣ ಯಾವುದಾದರೂ ಇರಲಿ, ಹೊರದೇಶದವರನ್ನು ನಾವು ಹೈಟಿಯವರು ಕರೆಯುವುದೇ ಹಾಗೆ. ಅವನಿಗೆ ಇದು ಗೊತ್ತಿರಲಿಲ್ಲ. ತನ್ನ ಹಿಂದೆ ಇನ್ನಾರೋ ನಿಂತಿದ್ದಾರೇನೋ ಎಂದು ತಿರುಗಿ ನೋಡಿದ.

ಅವನು ಬುರುಂಡಿ ಎಂಬ ದೇಶದವನು. ವಾಂತಿಭೇದಿ ಮತ್ತೆ ಕಾಣಿಸಿಕೊಂಡ ವರ್ಷ ಪರಿಹಾರ ಸಂಸ್ಥೆಯೊಂದು ಅವನನ್ನು ನಮ್ಮೂರು ಜಾಂ ರಾಬೆಲ್‌ಗೆ ಕಳಿಸಿತ್ತು. ಬೆಳಿಗ್ಗೆ ಹಳ್ಳಿಗಳಿಗೆ ಹೋಗಿ ಒರತೆಗಳಿಗೆ ಸಿಮೆಂಟ್ ಕಟ್ಟೆ ಕಟ್ಟಿಸುವುದು, ನೀರಿಗೆ ಔಷಧಿ ಹಾಕುವುದನ್ನು ಹೆಂಗಸರಿಗೆ ಕಲಿಸುವುದು, ಬೆವರು ಒಣಗಿ ಉಪ್ಪಾದ ಅಂಗಿಯಲ್ಲಿ ಸಂಜೆ ಮರಳಿ ಗೇಟು ಹಾಕಿಕೊಳ್ಳುವುದು. ಸೂರ್ಯ ಇಳಿದ ಮೇಲೆ ಅವನು ಹೊರಗೆ ಕಾಲಿಡುವಂತಿರಲಿಲ್ಲ, ಊರವರು ಒಳಗೆ ಬರುವಂತಿರಲಿಲ್ಲ. ಅದು ಸಂಸ್ಥೆಯ ನಿಯಮ. ನಿಯಮ ಕಾಯಲು ಸೆಂವಿಲ್ ಎಂಬ ನಮ್ಮೂರಿನವನನ್ನೇ ಕಾವಲಿಗೆ ಇಟ್ಟಿದ್ದರು.

ಮಧ್ಯಾಹ್ನ ಅವನ ಮನೆಯಲ್ಲಿ ಅಡಿಗೆ ಮಾಡಿ ಮುಚ್ಚಿಟ್ಟು ಬರುವ ಕೆಲಸ ನನ್ನದು. ಮೊದಲ ದಿನ ಅನ್ನಕ್ಕೆ ಕೆಂಪು ಕಾಳು ಹಾಕಿ ಬೇಯಿಸಿ, ಪಕ್ಕದಲ್ಲಿ ಕರಿದ ಬಾಳೆಕಾಯಿ ಇಟ್ಟಿದ್ದೆ. ಅವನು ಬೇಗ ಬಂದಿದ್ದ. ಒಂದು ತುತ್ತು ಬಾಯಿಗಿಟ್ಟು ತಟ್ಟೆಯನ್ನೇ ನೋಡಿದ.

"ಯಾಕೆ, ಉಪ್ಪು ಜಾಸ್ತಿ ಆಯ್ತಾ?" ಎಂದೆ.

"ಇಲ್ಲ ಮದಾಮ್ ಎಲ್ಮೀಜ್. ನಮ್ಮನೇಲೂ ಕಾಳು, ಬಾಳೆಕಾಯಿನೇ."

"ಹಾಗಾದ್ರೆ ಇಷ್ಟು ದೂರ ಯಾಕಪ್ಪಾ ಬಂದೆ? ಅಲ್ಲೇ ತಿನ್ಕೊಂಡು ಇರಬಾರದಿತ್ತಾ?"

ಅವನು ನಕ್ಕ. ನಗು ಚೆನ್ನಾಗಿತ್ತು, ಆದರೆ ಬಹಳ ದಿನ ಬಳಸದೆ ಇಟ್ಟ ಪಾತ್ರೆಯ ಹಾಗೆ ಸ್ವಲ್ಪ ಮಂಕಾಗಿತ್ತು.

ತಿಂಗಳಿಗೊಮ್ಮೆ ರಾಜಧಾನಿಗೆ ಸಭೆಗೆ ಹೋಗುತ್ತಿದ್ದ. ಒಮ್ಮೆ ಅಲ್ಲಿನ ಹೋಟೆಲಿನ ಕಾವಲುಗಾರ ಅವನನ್ನು ತಡೆದು, ಡ್ರೈವರುಗಳು ಕೂರುವ ಜಾಗ ತೋರಿಸಿದನಂತೆ. ಜೊತೆಯ ಬಿಳಿಯರು, ನಿಜವಾದ ಬಿಳಿಯರು, ಅದಾಗಲೇ ಒಳಗೆ ಹೋಗಿ ಕೂತಿದ್ದರು. ಇವನು ಬಂದಿಲ್ಲ ಎಂದು ಯಾರೂ ಎದ್ದು ನೋಡಲಿಲ್ಲವಂತೆ. ಇದನ್ನು ತಮಾಷೆಯೆಂಬಂತೆ ಹೇಳಿದ. ನನಗೆ ನಗು ಬರಲಿಲ್ಲ.

ಸಂಜೆ ಗೋಡೆಯಾಚೆ ಅವನ ಚಪ್ಪಲಿಯ ಸದ್ದು ಕೇಳುತ್ತಿತ್ತು. ಅಂಗಳದಲ್ಲಿ ಸುತ್ತು ಹಾಕುತ್ತಿದ್ದ. ಆಮೇಲೆ ವೈರ್‌ಲೆಸ್ಸಿನಲ್ಲಿ ಸಂಸ್ಥೆಯವರಾರೋ ಕ್ಷೇಮವೇ ಎಂದು ಕೇಳುವರು, ಇವನು ಕ್ಷೇಮ ಎನ್ನುವನು. ಅಷ್ಟಕ್ಕೆ ಅದು ಬಂದ್. ಭಾನುವಾರ ಮಾತ್ರ ಅವನ ದನಿ ಜೋರು. ಊರಿಗೆ ಫೋನ್ ಮಾಡಿ ತಾಯಿಯೊಡನೆ ಅವರ ಭಾಷೆಯಲ್ಲಿ ಕಿರುಚಾಡುವನು. ಮುದುಕಿಗೆ ಕಿವಿ ಮಂದವಂತೆ. ಒಂದಕ್ಷರ ತಿಳಿಯದಿದ್ದರೂ ನಾವು ಗೋಡೆಯೀಚೆ ಕೂತು ಕೇಳುತ್ತಿದ್ದೆವು. ಜಗಳವೋ ಪ್ರೀತಿಯೋ ಹೇಳಲಾಗುತ್ತಿರಲಿಲ್ಲ.

ಒಂದು ಭಾನುವಾರ ಆ ಕಿರುಚಾಟ ಕೇಳಲಿಲ್ಲ. ಸೋಮವಾರ ಎಂದಿನಂತೆ ಕೆಲಸಕ್ಕೆ ಹೋದ. ನಾನಿಟ್ಟ ಊಟ ಮುಚ್ಚಿದ್ದು ಮುಚ್ಚಿದಂತೆಯೇ ಇತ್ತು. ಮಂಗಳವಾರವೂ ಹಾಗೇ. ಕೇಳಿದರೆ ಹೊಟ್ಟೆ ಸರಿಯಿಲ್ಲ ಎಂದ. ನಾನು ಅವನ ಡ್ರೈವರನ್ನು ಹಿಡಿದು ನಿಲ್ಲಿಸಿದೆ.

"ಅವನ ತಾಯಿ ಹೋಗ್ಬಿಟ್ರಂತೆ ಎಲ್ಮೀಜಕ್ಕ. ಹೋಗೋಣ ಅಂದ್ರೆ ರಾಜಧಾನೀಲಿ ಗಲಾಟೆ, ವಿಮಾನ ಇಲ್ಲ. ಅಲ್ಲಿ ಮಣ್ಣು ಮಾಡಿಯೂ ಆಯ್ತಂತೆ. ಯಾರಿಗೂ ಹೇಳ್ಬೇಡ ಅಂದಿದಾನೆ."

"ಹೇಳ್ಬೇಡ ಅಂದ್ರೆ ಸುಮ್ನಿರ್ತೀಯಾ? ತಾಯಿ ಸತ್ತವನು ಒಬ್ಬನೇ ಗೋಡೆ ನೋಡ್ಕೊಂಡು ಕೂತಿರಬೇಕಾ? ಅವನೇನು ಕಲ್ಲಾ?"

ನೇರವಾಗಿ ಫ್ರೆನೆಲ್ ಮಾಮನ ಮನೆಗೆ ಹೋದೆ. ಓಣಿಯಲ್ಲಿ ಯಾರು ಸತ್ತರೂ ಮೊದಲು ಬಂದು ಕೂರುವವನು ಅವನು. ಸತ್ತವರಿಗಾಗಿ ರಾತ್ರಿ ಕೂತು ಆಟ ಆಡುವುದು, ಕತೆ ಹೇಳುವುದು ನಮ್ಮ ಪದ್ಧತಿ; ಡಾಮಿನೋ ಮೇಜು ಅವನದೇ, ಹೇಳುವ ಕತೆಗಳೂ ಅವನವೇ. ವಿಷಯ ಕೇಳಿದವನು ಟೋಪಿ ಹಾಕಿಕೊಂಡ. "ಹೆಣ ಇಲ್ಲಿಲ್ಲದಿದ್ರೆ ಏನಾಯ್ತು, ಮಗ ಇದಾನಲ್ಲ. ಕಾಫಿ ನೀನು ಮಾಡು. ಶುಂಠಿ ಚಹಾನೂ ಇರಲಿ."

ಬಿಸಿಲು ಇಳಿಯುವ ಹೊತ್ತಿಗೆ ಮೇಜು, ಕುರ್ಚಿ, ಕೆಟಲು, ಬ್ರೆಡ್ಡು, ಒಂದು ಸೀಸೆ ಕಬ್ಬಿನ ಸಾರಾಯಿ ಹಿಡಿದುಕೊಂಡು ಓಣಿಯವರೆಲ್ಲ ಗೇಟಿನ ಮುಂದೆ ಹೋಗಿ ನಿಂತೆವು. ಸೆಂವಿಲ್ ಸರಳುಗಳಾಚೆ ಕೈಮುಗಿದ.

"ನನ್ನ ಕೆಲಸ ತೆಗೀತಾರೆ ಅಕ್ಕಾ. ಒಳಗೆ ಬಿಡೋಕಾಗಲ್ಲ."

"ಒಳಗೆ ಯಾರು ಬರ್ತೀವಿ ಅಂದ್ರು?" ಎಂದ ಫ್ರೆನೆಲ್ ಮಾಮ. "ರಸ್ತೆ ನಿಮ್ಮ ಸಂಸ್ಥೇದಾ? ಇಲ್ಲೇ ಹಾಕ್ರೋ ಮೇಜು."

ಸದ್ದು ಕೇಳಿ ಮೆಲ್ಕಿಯಾದ್ ಒಳಗಿನಿಂದ ಬಂದ. ಮುಖದಲ್ಲಿ ಗಾಬರಿಯಿತ್ತು. ನೀರಿನ ಔಷಧಿಯೇ ರೋಗ ತರುತ್ತಿದೆ ಎಂದು ಬೇರೊಂದು ಊರಿನಲ್ಲಿ ಅವರ ಕಾರಿಗೆ ಕಲ್ಲು ಹೊಡೆದಿದ್ದರಂತೆ. ನಾವೂ ಅದಕ್ಕೇ ಬಂದೆವು ಎಂದುಕೊಂಡನೋ ಏನೋ. ವೈರ್‌ಲೆಸ್ ಅವನ ಕೈಯಲ್ಲೇ ಇತ್ತು.

"ಏನಾಯ್ತು ಮದಾಮ್? ಏನು ತಪ್ಪಾಯ್ತು?"

"ತಪ್ಪು ಏನೂ ಇಲ್ಲ ಮಗಾ. ನಿಮ್ಮಮ್ಮನಿಗೋಸ್ಕರ ಕೂರೋಕೆ ಬಂದಿದೀವಿ."

ಅವನಿಗೆ ನಮ್ಮ ಮಾತು ಇನ್ನೂ ಪೂರ್ತಿ ಬರುತ್ತಿರಲಿಲ್ಲ. ಮತ್ತೆ ಹೇಳಿದೆ. ಅವನು ಮೇಜು ನೋಡಿದ, ಕಾಫಿ ನೋಡಿದ. ಆಮೇಲೆ ಒಳಗೆ ಹೋದ. ಬಾಗಿಲು ಹಾಕಿಕೊಂಡನೇನೋ ಎಂದುಕೊಂಡೆ. ಒಂದು ಕುರ್ಚಿ ತಂದು, ಗೇಟಿಗೆ ಮಂಡಿ ತಾಗುವಷ್ಟು ಹತ್ತಿರ ಹಾಕಿಕೊಂಡು ಕೂತ.

ಹೀಗೆ ನಾವು ಹೊರಗೆ, ಅವನು ಒಳಗೆ. ಸರಳುಗಳ ನಡುವೆ ಕಾಫಿ ಲೋಟ ಹೋಯಿತು. ಬ್ರೆಡ್ಡು ಹೋಯಿತು. ಡಾಮಿನೋ ಕಲ್ಲುಗಳೂ ಹೋದವು. ಅವನು ಕಲ್ಲು ಚಾಚಿದರೆ ಫ್ರೆನೆಲ್ ಮಾಮ ತೆಗೆದುಕೊಂಡು ಮೇಜಿಗೆ ಟಪ್ಪೆಂದು ಬಡಿಯುವನು. ಮೊದಲ ಆಟದಲ್ಲೇ ಅವನು ಸೋತ. ಸೋತವರ ಕಿವಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸುವುದು ನಮ್ಮಲ್ಲಿ ರೂಢಿ.

"ದುಃಖದಲ್ಲಿರೋನಿಗೆ ಬಿಟ್ಬಿಡು ಮಾಮಾ" ಎಂದೆ.

"ಸುಮ್ನಿರೇ. ದುಃಖ ಇರೋದು ಎದೇಲಿ, ಕಿವೀಲಲ್ಲ. ಕಿವಿ ಕೊಡು ಮಗಾ."

ಅವನು ತಲೆ ಬಾಗಿಸಿ ಕಿವಿಯನ್ನು ಸರಳಿಗೆ ಆನಿಸಿದ. ಕತೆ ಶುರುವಾಯಿತು. ಕೇಳುತ್ತೀರಾ ಎನ್ನುವಂತೆ ಫ್ರೆನೆಲ್ ಮಾಮ "ಕ್ರಿಕ್?" ಎಂದ, ಹೇಳು ಎನ್ನುವಂತೆ ನಾವೆಲ್ಲ "ಕ್ರಾಕ್!" ಎಂದೆವು. ನಾವು ಮುಗಿಸಿದ ಮೇಲೆ ಗೇಟಿನಾಚೆಯಿಂದ ಒಂಟಿ "ಕ್ರಾಕ್" ಬಂತು. ನಾವು ನಕ್ಕು ಮುಗಿಸಿದ ಮೇಲೆ ಅವನು ನಗುವನು, ಅದನ್ನು ನೋಡಿ ನಮಗೆ ಇನ್ನೊಮ್ಮೆ ನಗು.

ನಡುವೆ ಯಾರೋ ಕೇಳಿದರು: "ತಾಯಿ ಹೆಸರೇನು?"

"ಡೊಮಿಟೀಲ್."

ಬಂದು ಏಳು ತಿಂಗಳಾಗಿತ್ತು, ಈ ದೇಶದಲ್ಲಿ ಆ ಹೆಸರು ಹೇಳುತ್ತಿರುವುದು ಇದೇ ಮೊದಲು ಎಂದ. ಆಮೇಲೆ ತಾನಾಗೇ ಮಾತಾಡತೊಡಗಿದ. "ನಮ್ಮಮ್ಮ ಹೈಟಿ ಅನ್ನೋ ದೇಶ ಇದೆ ಅಂತ ನಂಬಲೇ ಇಲ್ಲ. ನೀನು ಎಲ್ಲೋ ಜೈಲಲ್ಲಿದೀಯ, ನನಗೆ ಸುಳ್ಳು ಹೇಳ್ತಿದೀಯ ಅಂತಿದ್ಲು. ಪ್ರತಿ ಭಾನುವಾರ ಅದೇ ಜಗಳ. ಊಟ ಕೊಡ್ತಾರಾ? ಹೊಡೀತಾರಾ? ಯಾವತ್ತು ಬಿಡ್ತಾರೆ?"

ಫ್ರೆನೆಲ್ ಮಾಮ ಗೇಟನ್ನು ಮೇಲಿಂದ ಕೆಳಗೆ ನೋಡಿದ. ಒಂದು ಸರಳನ್ನು ಬೆರಳಿನಿಂದ ತಟ್ಟಿದ. "ಮುದುಕಿ ಸುಳ್ಳೇನೂ ಹೇಳಿಲ್ಲವಲ್ಲೋ."

ಓಣಿಯೇ ನಕ್ಕಿತು. ಮೆಲ್ಕಿಯಾದ್ ಎಲ್ಲರಿಗಿಂತ ಜೋರಾಗಿ ನಕ್ಕ, ಈ ಸಲ ನಮ್ಮ ಜೊತೆಜೊತೆಗೇ. ನಗುನಗುತ್ತಲೇ ಅದು ಅಳುವಾಯಿತು. ಕಿವಿಯ ಕ್ಲಿಪ್ಪು ಅಲುಗುತ್ತಿತ್ತು. ನಾನು ಸರಳಿನೊಳಗೆ ಕೈ ಹಾಕಿ ಅವನ ಭುಜ ಹಿಡಿದುಕೊಂಡೆ. ಸೆಂವಿಲ್ ಬೇರೆ ಕಡೆ ನೋಡುತ್ತ ನಿಂತ. ವೈರ್‌ಲೆಸ್ಸಿನಲ್ಲಿ ಕ್ಷೇಮವೇ ಎಂಬ ಪ್ರಶ್ನೆ ಬಂತು. ಅವನು ಉತ್ತರ ಕೊಡುವುದು ತಡವಾಯಿತು.

ಆ ತಡದಿಂದಲೇ ವಿಚಾರಣೆಯಾಯಿತು. ಅವನು ಏನನ್ನೂ ಮುಚ್ಚಿಡಲಿಲ್ಲ. ವಾರದೊಳಗೆ ರಾಜಧಾನಿಯಿಂದ ಭದ್ರತೆ ನೋಡಿಕೊಳ್ಳುವ ಅಧಿಕಾರಿ ಬಂದ. ಒಳ್ಳೆಯ ಮನುಷ್ಯನೇ. ಮೆಲ್ಕಿಯಾದನ ಬೆನ್ನು ತಟ್ಟಿ ತಾಯಿಗೆ ಸಂತಾಪ ಹೇಳಿದ, ಆಮೇಲೆ ಗೇಟಿಗೆ ಪೂರ್ತಿ ತಗಡು ಬೆಸೆಸಿ ಹೋದ. ಬೆಸುಗೆಯ ಕಿಡಿ ನೋಡಲು ಮಕ್ಕಳು ಗುಂಪುಗೂಡಿದ್ದರು.

ಆಮೇಲೆ ಬರೀ ದನಿ. ಗೇಟಿನ ಮುಂದೆ ಹಾದುಹೋಗುವವರು ತಗಡು ಬಡಿದು "ಏನಪ್ಪಾ ಬಿಳಿಯಾ, ಊಟ ಆಯ್ತಾ?" ಎನ್ನುವರು, ಒಳಗಿನಿಂದ "ಆಯ್ತು, ನಿಮ್ದು?" ಎಂದು ಬರುವುದು. ಕೆಲವು ದಿನ ಚೆನ್ನಾಗಿ ನಡೆಯಿತು. ಮುಖ ಕಾಣದೆ ಎಷ್ಟು ದಿನ ಕೂಗುತ್ತಾರೆ? ಬರಬರುತ್ತ ಬಡಿಯುವವರು ಕಡಿಮೆಯಾದರು. ಚಪ್ಪಲಿಯ ಸದ್ದು ಮಾತ್ರ ಹಾಗೇ ಇತ್ತು. ಭಾನುವಾರಗಳಲ್ಲಿ ಇನ್ನೂ ಹೆಚ್ಚು ಸುತ್ತು ಹಾಕುತ್ತಿದ್ದ.

ಕೆಲಸದ ಅವಧಿ ಮುಗಿದ ದಿನ ನನ್ನ ಅಡಿಗೆಮನೆಗೆ ಬಂದು ಹೇಳಿಹೋದ. ಊರಿಗೆ ಹೋಗಿ ತಾಯಿಯ ಸಮಾಧಿ ನೋಡಿ, ಅಲ್ಲಿಂದ ಮುಂದಿನ ಕೆಲಸಕ್ಕೆ ಚಾಡ್ ಎಂಬ ದೇಶಕ್ಕಂತೆ. ಇಲ್ಲಿಗಿಂತ ಬಿಸಿಲಂತೆ. ನಾನು ಹುರಿದ ಕಡಲೆಕಾಯಿ ಕಟ್ಟಿಕೊಟ್ಟೆ.

ಒಂದೇ ಒಂದು ಸಲ ಫೋನ್ ಮಾಡಿದ.

"ಹೇಗಿದೆ ಅಲ್ಲಿ?"

"ಮರಳು. ಗಾಳಿ. ಮೂರು ತಿಂಗಳಾಯ್ತು."

"ಅಕ್ಕಪಕ್ಕ ಯಾರಿದಾರೆ?"

"ಗೊತ್ತಿಲ್ಲ ಮದಾಮ್. ಗೋಡೆ ಎತ್ತರ ಇದೆ. ಒಂದು ಮಗು ಅಳೋದು ಕೇಳಿಸುತ್ತೆ."

"ಹಗಲು ಹೊತ್ತಲ್ಲಿ ಹೋಗಿ ಮಗು ಯಾಕೆ ಅಳುತ್ತೆ ಅಂತ ಕೇಳೋ. ಅವರಾಗೇ ಬರಲಿ ಅಂತ ಕೂತಿರಬೇಡ. ಎಲ್ಲ ಕಡೆ ಫ್ರೆನೆಲ್ ಮಾಮ ಇರಲ್ಲ."

"ಹೋಗ್ತೀನಿ" ಎಂದ. ಹೋದನೋ ಇಲ್ಲವೋ ತಿಳಿಯದು. ಆಮೇಲೆ ಅವನ ಫೋನ್ ಬಂದಿಲ್ಲ. ನಾನು ಆ ನಂಬರಿಗೆ ಮಾಡಿದಾಗಲೆಲ್ಲ ನನಗೆ ತಿಳಿಯದ ಭಾಷೆಯಲ್ಲಿ ಅದೇ ಒಬ್ಬಳು ಹೆಂಗಸು ಅದೇ ಮಾತು ಹೇಳಿ ಇಟ್ಟುಬಿಡುತ್ತಾಳೆ.