ಮುಚ್ಚಳದ ಮೇಲಿನ ಕೆಂಪು ಚುಕ್ಕೆ

ವರ್ನಾ ವಿಲೆಟ್ ಯಾರನ್ನೂ ಸುಮ್ಮನೆ ನಂಬಿದವಳಲ್ಲ. ಚರ್ಚಿನಲ್ಲಿ ಕಾಣಿಕೆ ತಟ್ಟೆ ಬಂದರೆ ಕಾಸು ಹಾಕುವವರನ್ನು ಬಿಟ್ಟು, ತಟ್ಟೆ ಹಿಡಿದವನ ಅಂಗಿಯ ತೋಳನ್ನೇ ನೋಡುವ ಹೆಂಗಸು. ಬೈದು ಪ್ರಯೋಜನವಿಲ್ಲ ಬಿಡಿ, ಅವಳ ಹೊಟ್ಟೆಪಾಡೇ ಅನುಮಾನವಾಗಿತ್ತು. ಮೇನ್ ರಾಜ್ಯದ ಉತ್ತರದ ತುದಿಯ ಆಲೂಗಡ್ಡೆ ಹೊಲಗಳಲ್ಲಿ ಇಪ್ಪತ್ತಾರು ಸುಗ್ಗಿ ಅವಳು ತಪಾಸಣೆ ಮಾಡಿದ್ದಳು. ಆಯುವವರು ಮರದ ಪೀಪಾಯಿ ತುಂಬಿಸಿ, ಅಂಚಿಗೆ ತಮ್ಮ ನಂಬರಿನ ಚೀಟಿ ಸಿಕ್ಕಿಸಿ ಮುಂದೆ ಹೋಗುತ್ತಿದ್ದರು. ಎಷ್ಟು ಪೀಪಾಯಿಯೋ ಅಷ್ಟು ಕೂಲಿ. ಕೆಲವು ಖದೀಮರು ಅಡಿಯಲ್ಲಿ ಕಲ್ಲು ತುಂಬಿ ಮೇಲೆ ಆಲೂಗಡ್ಡೆ ಹರಡುತ್ತಿದ್ದರು. ವರ್ನಾ ಪೀಪಾಯಿ ಮಗುಚಿಸಿ, ಚೀಟಿ ಓದಿ, ಹೆಸರು ಕೂಗುತ್ತಿದ್ದಳು. ಅವಳು ಕೂಗಿದ ಹೆಸರಿನವನಿಗೆ ಆ ಕಣಿವೆಯಲ್ಲಿ ಮತ್ತೆ ಯಾರೂ ಕೆಲಸ ಕೊಡುತ್ತಿರಲಿಲ್ಲ.

ಹೀಗೆ ಹನ್ನೊಂದು ಜನ ಸಿಕ್ಕಿಬಿದ್ದಿದ್ದರು. ಅವರಲ್ಲಿ ಬಾಯಿ ಬಿಟ್ಟು ವಾದಿಸಿದವನು ಲಿಯೋ ಸೀರ್ ಒಬ್ಬನೇ.

"ಚೀಟಿ ನಂದೇ ಕಣಮ್ಮಾ, ಕಲ್ಲು ನಂದಲ್ಲ" ಎಂದಿದ್ದ.

"ಚೀಟಿ ನಿಂದು ಅಂದ್ಮೇಲೆ ಕಲ್ಲು ನಿಮ್ಮಜ್ಜಂದಾ?" ಎಂದಿದ್ದಳು ವರ್ನಾ. ಇಡೀ ಸಾಲು ನಕ್ಕಿತ್ತು. ಲಿಯೋ ಅದೇ ವಾರ ಕನೆಕ್ಟಿಕಟ್‌ನ ಯಾವುದೋ ಕಾರ್ಖಾನೆಗೆ ಹೊರಟುಹೋದ. ನಲವತ್ತು ವರ್ಷದ ಮೇಲೆ, ಮುದುಕನಾಗಿ, ಈಚೆಗಷ್ಟೇ ತಿರುಗಿ ಬಂದು ಹಳೇ ಸ್ಟಾರ್ಚ್ ಕಾರ್ಖಾನೆಯ ಹಿಂದೆ ಒಂದು ಮನೆ ಹಿಡಿದಿದ್ದ. ವರ್ನಾ ಆ ರಸ್ತೆಗೆ ಕಾರು ತಿರುಗಿಸುತ್ತಿರಲಿಲ್ಲ. ಒಂದೇ ಒಂದು ತಪ್ಪು ಹೆಸರು ನನ್ನ ಬಾಯಲ್ಲಿ ಬಂದಿಲ್ಲ ಎಂಬುದು ಅವಳ ದೊಡ್ಡ ಹೆಮ್ಮೆ. ಆಸ್ತಿ ಅಂತ ಅವಳಿಗೆ ಉಳಿದಿದ್ದದ್ದೂ ಅದೊಂದೇ.

ಅಂಥವಳ ಕೈಗೆ ಜರ್ಮನಿಯ ಕಾರು ಬಂತು. ಹತ್ತಿರದ ವಾಯುಸೇನೆಯ ನೆಲೆ ಮುಚ್ಚಿದಾಗ ಅಧಿಕಾರಿಯೊಬ್ಬ ಮಾರಿಹೋದ ಕಾರು. ಅಲ್ಲಿಯವರೆಗೆ ಅವಳು ಓಡಿಸಿದ್ದೆಲ್ಲ ಅಮೆರಿಕದ ಪಿಕಪ್ ಟ್ರಕ್ಕುಗಳನ್ನೇ. ಅವುಗಳ ಆಯಿಲ್ ಫಿಲ್ಟರ್ ಅಂದರೆ ಒಂದು ತಗಡಿನ ಡಬ್ಬ. ಹಳೇ ಡಬ್ಬ ತಿರುಚಿ ಬಿಚ್ಚಿ ಎಸೆದು ಹೊಸ ಡಬ್ಬ ತಿರುಚಿದರೆ ಮುಗಿಯಿತು. ಯೂರೋಪಿನ ಕಾರನ್ನು ಬಿಚ್ಚಬಲ್ಲವನು ನೂರು ಮೈಲಿಯೊಳಗೆ ಒಬ್ಬನೇ, ಸ್ವೀಡನ್ನಿನಿಂದ ಬಂದವರ ಮೊಮ್ಮಗ ಗುನ್ನಾರ್ ಹೆಡ್ಮನ್. ಆಲೂಗಡ್ಡೆ ಉಗ್ರಾಣವೊಂದನ್ನೇ ವರ್ಕ್‌ಶಾಪ್ ಮಾಡಿಕೊಂಡಿದ್ದ. ಕೆಲಸ ಮುಗಿದ ಮೇಲೆ ಬಿಚ್ಚಿದ ಹಳೇ ಸಾಮಾನನ್ನೆಲ್ಲ ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ಹಿಂದಿನ ಸೀಟಿನ ಕೆಳಗೆ ಇಡುವುದು ಅವನ ಪದ್ಧತಿ.

ವರ್ನಾ ಆ ಪೆಟ್ಟಿಗೆಯನ್ನು ಒಮ್ಮೆ ತೆರೆದು ನೋಡಿದ್ದಳು. ಮಸಿ ಮೆತ್ತಿದ ಕಾಗದದ ಸುರುಳಿ, ಎರಡು ರಬ್ಬರ್ ಬಳೆ. ಯಾರದೋ ಕಾರಿನ ಕಸ ತಂದಿಟ್ಟು ನನ್ನ ಕಾರಿನದೇ ಅಂದರೆ ನಂಬಿಬಿಡಬೇಕೇ? ಬೆಳ್ಳಗಿರುವುದೆಲ್ಲ ಹಾಲಲ್ಲ. ಮುಂದಿನ ಸರ್ವಿಸಿಗೆ ಕೊಡುವ ಮುನ್ನ ಮನೆಯಲ್ಲೇ ಬಾನೆಟ್ ಎತ್ತಿದಳು. ಮಾಲಿಕರ ಪುಸ್ತಕದಲ್ಲಿ 'ಆಯಿಲ್ ಫಿಲ್ಟರ್' ಎಂದು ಬಾಣ ತೋರಿಸಿದ್ದ ಕಪ್ಪು ಗುಂಡು ವಸ್ತುವನ್ನು ಹುಡುಕಿ, ಅದರ ಬದಿಗೆ ಉಗುರಿನ ಕೆಂಪು ಬಣ್ಣದಲ್ಲಿ ಒಂದು ಚುಕ್ಕೆ ಇಟ್ಟಳು.

ಕಾರು ವಾಪಸ್ ಬಂತು, ಬಿಲ್ಲಿನಲ್ಲಿ ಹೊಸ ಫಿಲ್ಟರಿನ ಬೆಲೆಯೂ ಇತ್ತು. ಬಾನೆಟ್ ಎತ್ತಿದರೆ ಕೆಂಪು ಚುಕ್ಕೆ ಅಲ್ಲೇ ನಗುತ್ತಿತ್ತು.

ನಿಜ ಹೇಳಬೇಕೆಂದರೆ ಅವಳಿಗೆ ಸಿಟ್ಟಿಗಿಂತ ಸಂತೋಷವೇ ಹೆಚ್ಚಾಯಿತು. ಹನ್ನೆರಡನೆಯವನು ಸಿಕ್ಕಿದ್ದ! ಶನಿವಾರ ಚರ್ಚಿನ ಸಭಾಂಗಣದಲ್ಲಿ ವಾರದ ಬೀನ್ಸ್ ಊಟಕ್ಕೆ ಊರೆಲ್ಲ ಸೇರಿತ್ತು. ಅವಳು ಪಕ್ಕದ ಮನೆಯ ಓಡೆಟ್‌ಳ ಕಿವಿಯಲ್ಲಿ ಹೇಳುವಂತೆ ಮಾಡಿ ಮೂರು ಮೇಜಿಗೆ ಕೇಳುವಂತೆ ಹೇಳಿದಳು.

"ನಿಜವಾಗ್ಲೂನಾ ಮಾರಾಯ್ತಿ? ಗುನ್ನಾರ್ ಕಳ್ಳನಾ?" ಓಡೆಟ್ ಚಮಚ ಕೆಳಗಿಟ್ಟಳು.

"ನಾನ್ಯಾವತ್ತು ತಪ್ಪು ಹೆಸರು ಕೂಗಿದ್ದೀನಿ, ಹೇಳು ನೋಡೋಣ?"

ಅಷ್ಟೇ ಸಾಕಾಯಿತು. ಮೂರು ವಾರದಲ್ಲಿ ಗುನ್ನಾರನ ಅಂಗಳ ಬಣಗುಟ್ಟಿತು. ಶಾಲೆಯ ಹೆಡ್‌ಮಾಸ್ಟರ್ ಕೂಡ ತನ್ನ ಕಾರನ್ನು ಮೂರು ಗಂಟೆ ಓಡಿಸಿ ದೂರದ ಬ್ಯಾಂಗರ್ ಪಟ್ಟಣಕ್ಕೆ ಒಯ್ದ. ನಾಲ್ಕನೇ ವಾರ ಗುನ್ನಾರನ ಫೋನ್ ಬಂತು.

"ಕಾರು ತಗೊಂಡು ಬನ್ನಿ ವರ್ನಕ್ಕಾ. ಸಾಕ್ಷಿಗೆ ಯಾರನ್ನ ಬೇಕಾದ್ರೂ ಕರ್ಕೊಂಡು ಬನ್ನಿ."

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದಾನೆ ಎಂದುಕೊಂಡು, ವರ್ನಾ ಓಡೆಟ್‌ಳನ್ನು ಕೂರಿಸಿಕೊಂಡು ಹೊರಟಳು. ಗುನ್ನಾರ್ ಕಾಫಿ ಕೊಡಲಿಲ್ಲ, ಕೂರಿ ಅನ್ನಲೂ ಇಲ್ಲ. ಬಾನೆಟ್ ಎತ್ತಿ, ಕೆಂಪು ಚುಕ್ಕೆಯ ಕಪ್ಪು ವಸ್ತುವಿಗೆ ಪಾನಾ ಹಾಕಿ ತಿರುಗಿಸಿದ. ಅದು ಮೇಲಕ್ಕೆ ಬಂತು. ಅದರ ಹೊಟ್ಟೆಯೊಳಗಿಂದ ಕಾಗದದ ಸುರುಳಿಯೊಂದು ಎಣ್ಣೆ ತೊಟ್ಟಿಕ್ಕಿಸುತ್ತ ಇಳಿಬಿದ್ದಿತು.

"ಫಿಲ್ಟರ್ ಅಂದ್ರೆ ಇದು, ಈ ಕಾಗದ. ನೀವು ಚುಕ್ಕೆ ಇಟ್ಟಿದ್ದು ಮುಚ್ಚಳಕ್ಕೆ. ಮುಚ್ಚಳ ಕಾರಿನ ಜೊತೆ ಹುಟ್ಟುತ್ತೆ, ಕಾರಿನ ಜೊತೆ ಸಾಯುತ್ತೆ. ಬದಲಾಗೋದು ಒಳಗಿಂದು."

"ಹೊಸದು ಅಂತ ನಾನು ಹೇಗೆ ನಂಬಲಿ?"

ಗುನ್ನಾರ್ ಸುರುಳಿಯ ತುದಿಯನ್ನು ಚಿಂದಿಯಿಂದ ಒರೆಸಿ ಅವಳ ಕಣ್ಣ ಮುಂದೆ ಹಿಡಿದ. ಪ್ಲಾಸ್ಟಿಕ್ ಅಂಚಿನ ಮೇಲೆ ಮೊಳೆಯಿಂದ ಗೀರಿದ ಅಂಕಿಗಳಿದ್ದವು. ಅವಳು ಕಾರು ಬಿಟ್ಟ ದಿನದ ತಾರೀಕು, ಅವತ್ತು ಕಾರು ಓಡಿದ್ದ ಮೈಲಿ. ಮೈಲಿಯನ್ನು ಅವಳೂ ಪರ್ಸಿನ ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದಳು. ಕೊನೆಯ ಅಂಕಿಯವರೆಗೂ ತಾಳೆಯಾಯಿತು.

"ಹಾಕೋ ಪ್ರತಿಯೊಂದರ ಮೇಲೂ ಗೀರ್ತೀನಿ" ಎಂದ ಗುನ್ನಾರ್. "ನಿಮ್ಮ ಕೆಂಪು ಚುಕ್ಕೆ ನಾನೂ ನೋಡಿದ್ದೆ. ಏನೋ ಗುರುತು ಇಟ್ಕೊಂಡಿದ್ದಾರೆ, ಅಳಿಸಬಾರ್ದು ಅಂತ ಸುತ್ತ ಒರೆಸಿ ಬಿಟ್ಟೆ."

"ಅಯ್ಯೋ ವರ್ನಾ" ಎಂದಳು ಓಡೆಟ್. ವರ್ನಾಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

"ತಪ್ಪಾಯ್ತು ಗುನ್ನಾರ್. ಶನಿವಾರ ಊಟದಲ್ಲಿ ಎದ್ದು ನಿಂತು ಹೇಳ್ತೀನಿ."

"ಹೇಳಿ. ಕಳ್ಳ ಅಂದಿದ್ದು ನಂಬೋಕೆ ಅವ್ರಿಗೆ ಅರ್ಧ ನಿಮಿಷ ಸಾಕಾಯ್ತು. ಅಲ್ಲ ಅನ್ನೋದನ್ನ ನಂಬೋಕೆ ಎಷ್ಟು ದಿನ ಬೇಕೋ, ನೋಡೋಣ."

ಅವನು ಎಲ್ಲವನ್ನೂ ಮತ್ತೆ ಜೋಡಿಸುವವರೆಗೆ ವರ್ನಾ ಆ ಚುಕ್ಕೆಯನ್ನೇ ನೋಡುತ್ತ ನಿಂತಿದ್ದಳು. ಹೊರಗಡೆ ಗುರುತು ಇಟ್ಟು ಒಳಗಿನದಕ್ಕೆ ತೀರ್ಪು ಕೊಟ್ಟಿದ್ದಾಗಿತ್ತು. ಆಗ ಪೀಪಾಯಿಯ ಅಂಚು ನೆನಪಾಯಿತು. ಚೀಟಿ ಅಲ್ಲಿ ಬರೀ ಸಿಕ್ಕಿಸಿದ್ದಷ್ಟೇ, ಮೊಳೆ ಹೊಡೆದದ್ದಲ್ಲ. ಕಲ್ಲು ತುಂಬಿದವನು ತನ್ನ ಚೀಟಿಯನ್ನು ಪಕ್ಕದ ಒಳ್ಳೆಯ ಪೀಪಾಯಿಗೂ, ಅದರ ಚೀಟಿಯನ್ನು ತನ್ನದಕ್ಕೂ ಸಿಕ್ಕಿಸಲು ಎಷ್ಟು ಹೊತ್ತು ಬೇಕು? ಇಪ್ಪತ್ತಾರು ಸುಗ್ಗಿಯಲ್ಲಿ ಎಲ್ಲರನ್ನೂ ಅನುಮಾನಿಸಿದ್ದಳು, ಚೀಟಿಯೊಂದನ್ನು ಬಿಟ್ಟು.

ಓಡೆಟ್‌ಳನ್ನು ಮನೆ ಮುಂದೆ ಇಳಿಸಿ, ಅವಳು ಕಾರನ್ನು ಸ್ಟಾರ್ಚ್ ಕಾರ್ಖಾನೆಯ ರಸ್ತೆಗೆ ತಿರುಗಿಸಿದಳು.

ಲಿಯೋ ಜಾಲರಿ ಬಾಗಿಲಿನ ಒಳಗೇ ನಿಂತು ಅವಳನ್ನು ಗುರುತು ಹಿಡಿದ. ಚಿಲಕಕ್ಕೆ ಕೈ ಹಾಕಲಿಲ್ಲ.

"ಈಗೇನು ಕಳುವಾಯ್ತು, ವರ್ನಾ?"

"ಆ ಕಲ್ಲು ನಿಂದಲ್ದೇ ಇರಬಹುದು, ಲಿಯೋ. ಅಷ್ಟು ಹೇಳೋಕೆ ಬಂದೆ."

"ಇರಬಹುದು?" ಲಿಯೋ ನಕ್ಕ. ಆ ನಗುವಿನಲ್ಲಿ ನಗು ಇರಲಿಲ್ಲ. "ನಲವತ್ತು ವರ್ಷ ಆದ್ಮೇಲೂ 'ಇರಬಹುದು'ನಾ?"

ಅವಳ ಹತ್ತಿರ ಸಾಕ್ಷಿ ಇರಲಿಲ್ಲ. ಗೀರಿದ ತಾರೀಕಿಲ್ಲ, ಅಂಕಿಯಿಲ್ಲ. ಇದ್ದದ್ದು ಅವತ್ತು ಅವನು ಆಡಿದ ಒಂದು ಮಾತು ಮಾತ್ರ.

"ಅಲ್ಲ" ಎಂದಳು ವರ್ನಾ. "ನಿಂದಲ್ಲ."

ಲಿಯೋ ಚಿಲಕ ತೆಗೆದು, "ಬೂಟಿನ ಕೆಸರು ಒರೆಸ್ಕೊಂಡು ಬಾ" ಎಂದ.