ಹುಲಗಪ್ಪ ಹೊಂದಿಸಿದ ಐವತ್ತು ಕುರ್ಚಿಗಳು

ಹಾಡುವವನಿಗೆ ಭಗವಂತ ಕೊಡುವ ಪುಣ್ಯದಲ್ಲಿ ಅವನ ಕೆಳಗೆ ಜಮಖಾನೆ ಹಾಸಿದವನಿಗೂ ಪಾಲುಂಟು. ಹುಲಗಪ್ಪ ಇದನ್ನು ಬಾಯಿಬಿಟ್ಟು ಹೇಳಿದವನಲ್ಲ. ಧಾರವಾಡದ ಸಂಗೀತ ಸಭೆಯೊಂದರಲ್ಲಿ ಮೂವತ್ತೊಂದು ವರ್ಷ ವೇದಿಕೆ ಸಜ್ಜುಗೊಳಿಸಿ, ಬದುಕಿ ತೋರಿಸಿದವನು. ಅವನು ಹಾಸಿದ್ದನ್ನು ಯಾವ ಕಲಾವಿದರೂ ತಿದ್ದಿಸಿದ್ದಿಲ್ಲ. ಅದೊಂದೇ ಅವನ ಹೆಮ್ಮೆ. ಆ ಭಾನುವಾರದ ಕಛೇರಿ ಮುಗಿದರೆ ನಿವೃತ್ತಿ.

ಮುಂಬಯಿಯ ವಾಯೊಲಿನ್ ವಾದಕಿ ಧನಶ್ರೀ ಬರುತ್ತಾಳೆ, ಐವತ್ತು ಜನರ ಸಾಥ್ ಇದೆ ಎಂದಷ್ಟೇ ಸಭೆಯ ಕಾರ್ಯದರ್ಶಿ ಯಜ್ಞೇಶ್ವರರು ತಿಳಿಸಿದ್ದರು. ಪಕ್ಕವಾದ್ಯದ ಸಾಥ್ ಎಂದರೆ ಹುಲಗಪ್ಪ ಕಂಡಿದ್ದು ನೆಲದ ಮೇಲೆ ಕುಳಿತು ನುಡಿಸುವ ತಬಲಾ, ಹಾರ್ಮೋನಿಯಂ. ಐವತ್ತು ಜನ ಚಕ್ಕಳಮಕ್ಕಳ ಹಾಕಿ ಕೂಡುವಂತೆ ವೇದಿಕೆ ತುಂಬ ಜಮಖಾನೆ ಹಾಸಿ, ಬಿಳಿಯ ಚಾದರ ಹೊದಿಸಿ, ತಲೆಗೊಂದು ದಿಂಬು ಇಟ್ಟ.

ಮಧ್ಯಾಹ್ನ ಎರಡಕ್ಕೆ ಬಂದ ಧನಶ್ರೀ ಅದನ್ನು ಕಂಡು ಸೌಜನ್ಯದಿಂದಲೇ ವಿವರಿಸಿದಳು. ಇದು ಪಾಶ್ಚಾತ್ಯ ವಾದ್ಯವೃಂದ. ಎಲ್ಲರಿಗೂ ಕುರ್ಚಿ ಬೇಕು, ಅದಕ್ಕೆ ಕೈ ಇರಬಾರದು, ಇದ್ದರೆ ಕಮಾನು ಎಳೆಯುವಾಗ ಮೊಣಕೈ ಬಡಿಯುತ್ತದೆ. ಕುರ್ಚಿ ಸಿಗದಿದ್ದರೆ ಕಛೇರಿ ಸಾಧ್ಯವಿಲ್ಲ. ಸಭೆಯಲ್ಲೂ ಪೆಂಡಾಲಿನವರ ಬಳಿಯೂ ಇದ್ದವೆಲ್ಲ ಕೈಯುಳ್ಳ ಪ್ಲಾಸ್ಟಿಕ್ ಕುರ್ಚಿಗಳೇ.

“ಹೋಗೂ ದಿನಾನ ಸಭಾದ ಮಾನ ತಗದೆಲ್ಲೋ ಹುಲಗಪ್ಪಾ,” ಎಂದರು ಯಜ್ಞೇಶ್ವರರು, ಎಲ್ಲರೆದುರಿಗೆ.

ನೀವೇ ಸಾಥ್ ಅಂದಿರಲ್ಲ ಎಂದು ಅವನು ಎದುರಾಡಲಿಲ್ಲ. ಹೊರಗೆ ಹೋಗಿ ಹೆಂಡತಿ ಸಾವಂತ್ರೆವ್ವನಿಗೆ ಫೋನು ಮಾಡಿದ. ಹಳೇ ಹುಬ್ಬಳ್ಳಿಯ ಅವರ ಓಣಿಯ ಬುದ್ಧವಿಹಾರದ ಕೀಲಿ ಆಕೆಯ ಹತ್ತಿರ ಇರುತ್ತಿತ್ತು; ವೈಶಾಖ ಹುಣ್ಣಿವೆಗೆಂದು ಕೊಂಡ ಕಬ್ಬಿಣದ ಮಡಚುವ ಕುರ್ಚಿಗಳು ಅಲ್ಲಿದ್ದವು. ಅವಕ್ಕೆ ಕೈಯಿರಲಿಲ್ಲ.

“ಮೂವತ್ತು ವರ್ಷ ದೊಡ್ಡದೊಡ್ಡವರನ್ನ ನೆಲಕ್ಕ ಕುಂಡ್ರಿಸಿದ್ರಿ. ಇವತ್ತ ಕುರ್ಚಿ ನೆನಪಾತೇನ್ರಿ?” ಎಂದು ಆಕೆ ಚುಚ್ಚಿದಳು. ಚುಚ್ಚುತ್ತಲೇ ಓಣಿಯ ಹೆಂಗಸರನ್ನು ಕೂಗಿದ್ದೂ ಫೋನಿನಲ್ಲಿ ಕೇಳಿಸಿತು.

ಐದಕ್ಕೆ ಟೆಂಪೊ ಬಂತು. ಚಾಲಕನ ಪಕ್ಕದಲ್ಲಿ ಸಾವಂತ್ರೆವ್ವ, ಹಿಂದೆ ಐವತ್ತೆರಡು ಕುರ್ಚಿ. ಹುಲಗಪ್ಪ ದಿಂಬುಗಳನ್ನು ತೆಗೆದ, ಜಮಖಾನೆಯನ್ನು ತೆಗೆಯಲಿಲ್ಲ. ಕಬ್ಬಿಣದ ಕಾಲುಗಳು ಅದರ ಮೇಲೆ ಸಪ್ಪಳವಿಲ್ಲದೆ ನಿಂತವು. ಕೀಲುಕೀಲಿಗೆ ಕೊಬ್ಬರಿ ಎಣ್ಣೆ ಬಿಟ್ಟು, ಪ್ರತಿಯೊಂದರ ಮೇಲೂ ತಾನೊಮ್ಮೆ ಕುಳಿತು, ಅಲುಗಿ ನೋಡಿದ. ಕಿರುಗುಟ್ಟಿದ ಎರಡನ್ನು ಬದಿಗಿಟ್ಟ. ಪೂಜೆಗೆ ಹೂವನ್ನು ಇಷ್ಟು ಜತನದಿಂದ ಆರಿಸಿದವರನ್ನು ನಾನು ಕಂಡಿಲ್ಲ.

ಆರೂವರೆಗೆ ಸಭಾಂಗಣ ತುಂಬಿತು. ಯಜ್ಞೇಶ್ವರರು ತಮ್ಮ ಕೈಯಾರೆ ಒಂದು ಕುರ್ಚಿ ಹಿಡಿದು ವೇದಿಕೆಯ ಮಗ್ಗುಲಿಗೆ ಬಂದರು.

“ಕುಂದರ್ರಿ ಹುಲಗಪ್ಪನವರ. ನನ್ನ ಮಾತು ಜಾಸ್ತಿ ಆತು.”

“ನಾ ಇನ್ನೂ ಕೆಲಸದ ಮ್ಯಾಲ ಅದೀನ್ರಿ. ಕುರ್ಚಿ ತಂದಾಕಿ ಹೊರಗ ನಿಂತಾಳ, ಆಕೀನ ಕರದು ಕುಂಡ್ರಸ್ರಿ.”

ಯಜ್ಞೇಶ್ವರರೇ ಹೋಗಿ ಕರೆತಂದರು. ಸಾವಂತ್ರೆವ್ವ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತಳು. ಧನಶ್ರೀ ಎಲ್ಲರ ಮುಂದೆ ನಿಂತು ಕಮಾನು ಎತ್ತಿದಳು. ಅವಳ ಹಿಂದೆ ಹತ್ತಾರು ಕಮಾನುಗಳು ಒಂದಾಗಿ ಎದ್ದವು. ದೇಶದೇಶಗಳ ಜನ ತಲೆಮಾರುಗಳಿಂದ ಮೆಚ್ಚಿದ ಆ ಪಾಶ್ಚಾತ್ಯ ಕೃತಿಗಳು ಧಾರವಾಡದ ಸಂಜೆಯನ್ನು ತುಂಬುತ್ತಿರಲು, ಹುಲಗಪ್ಪ ನಿಂತಲ್ಲಿಂದ ಐವತ್ತು ಜನರ ಸಾಲುಗಳನ್ನು ಒಂದೊಂದಾಗಿ ನೋಡಿದ. ಯಾರೂ ಕುರ್ಚಿ ಸರಿಸಿಕೊಳ್ಳಲಿಲ್ಲ.