ತಣ್ಣಗಾಗದ ಸ್ಕೀ

ಗುನ್ವೋರಳಿಗೆ ಓದು ಅಷ್ಟಕ್ಕಷ್ಟೆ. ಆದರೆ ಹಿಮವನ್ನು ಬೆರಳಲ್ಲಿ ಉಜ್ಜಿ ನೋಡಿ, ಹಿಮದ ಮೇಲೆ ಜಾರುವ ಸ್ಕೀ ಹಲಗೆಯ ತಳಕ್ಕೆ ಇಂದು ಯಾವ ಮೇಣ ಹಚ್ಚಬೇಕೆಂದು ಹೇಳಬಲ್ಲವಳು ಆ ಊರಲ್ಲಿ ಅವಳೊಬ್ಬಳೇ. ನಲವತ್ತು ಚಳಿಗಾಲ ಊರಿನ ಸ್ಕೀಗಳೆಲ್ಲ ಅವಳ ಷೆಡ್ಡಿನ ಮೊಳೆಗಳಿಗೇ ನೇತುಬಿದ್ದಿದ್ದವು. ಅವಳ ಕಟ್ಟಳೆ ಒಂದೇ: ಮೇಣ ಹಚ್ಚಿದ ಮೇಲೆ ಸ್ಕೀ ಅರ್ಧ ಗಂಟೆ ಹೊರಗಿನ ಚಳಿಯಲ್ಲಿ ನಿಲ್ಲಬೇಕು. ಬೆಚ್ಚಗಿನ ಸ್ಕೀ ಹಿಮ ಮುಟ್ಟಿದರೆ ಹಿಮ ಕರಗಿ, ಮತ್ತೆ ಹೆಪ್ಪುಗಟ್ಟಿ, ತಳಕ್ಕೆ ಮೆತ್ತಿಕೊಳ್ಳುತ್ತದೆ. ಆಮೇಲೆ ಅದು ಜಾರುವುದಿಲ್ಲ.

ಊರಿನ ಹುಡುಗಿ ಮಾಯ್ಕೆನ್ ಏಳು ವರ್ಷದವಳಿದ್ದಾಗಿನಿಂದ ಅವಳ ಸ್ಕೀಗೆ ಮೇಣ ಹಚ್ಚಿದವಳು ಗುನ್ವೋರಳೇ. ಈಗ ಮಾಯ್ಕೆನ್ ದೇಶದ ತಂಡದಲ್ಲಿದ್ದಳು. ಅವಳು ಫೋನಿಗೆ ಹಾಕುವುದನ್ನೆಲ್ಲ ನಾಲ್ಕು ಲಕ್ಷ ಜನ ನೋಡುತ್ತಿದ್ದರು.

ಮಾರ್ಚಿನಲ್ಲಿ ಊರ ಸ್ಕೀ ಓಟದ ಬೆಳಿಗ್ಗೆ ಅವಳು ಷೆಡ್ಡಿಗೆ ಬಂದಳು. ಸ್ಕೀ ಆಗಲೇ ಹೊರಗೆ ಗೋಡೆಗೆ ಒರಗಿ ತಣ್ಣಗಾಗಿತ್ತು.

"ಅಜ್ಜಿ, ಮೇಣ ಕರಗಿಸೋ ಇಸ್ತ್ರಿಪೆಟ್ಟಿಗೆ ಹಿಡ್ಕೊಂಡು ಇನ್ನೊಂದ್ಸಲ ಹಚ್ಚಿ. ವಿಡಿಯೋ ತೆಗೀತೀನಿ. ನೀವಿದ್ರೆ ಜನ ಸಾಯ್ತಾರೆ ನೋಡೋಕೆ!"

"ಹಚ್ಚಾಗಿದೆ ಕಣೇ. ಮತ್ತೆ ಬಿಸಿ ಮಾಡಬಾರದು."

"ಎರಡೇ ನಿಮಿಷ, ನನ್ನ ಚಿನ್ನ ಅಜ್ಜಿ!"

ಗುನ್ವೋರ್ ಒಪ್ಪಿಬಿಟ್ಟಳು. ವಿಡಿಯೋ ತೆಗೆಯುತ್ತಾರೆಂದು ಅವಳೂ ಒಳ್ಳೆಯ ಸ್ವೆಟರ್ ಹಾಕಿಕೊಂಡಳು. ಅದನ್ನು ಆಮೇಲೆ ನೆನೆದರೆ ಅವಳಿಗೆ ಮೈ ಉರಿಯುತ್ತಿತ್ತು. ಎರಡು ನಿಮಿಷ ಇಪ್ಪತ್ತಾಯಿತು.

"ಈಗ ಹೊರಗಿಡು. ತಣ್ಣಗಾಗಲಿ."

"ಟೈಮಿಲ್ಲ ಅಜ್ಜಿ, ಓಟ ಶುರುವಾಗುತ್ತೆ!" ಎಂದವಳು ಸ್ಕೀ ಎತ್ತಿಕೊಂಡು ಓಡಿದಳು.

ಮೊದಲ ಏರಿನಲ್ಲೇ ಸ್ಕೀ ತಳದಲ್ಲಿ ಹಿಮ ಗಡ್ಡೆಗಟ್ಟಿತು. ದೇಶಕ್ಕೇ ಹೆಸರಾದವಳು ಹದಿನಾಲ್ಕನೆಯವಳಾಗಿ, ಕುಂಟುತ್ತ ಬಂದಳು. ಬಿಸಿ ಬ್ಲೂಬೆರಿ ಹಣ್ಣಿನ ಸಾರು ಹಂಚುವ ಮೇಜಿನ ಹಿಂದೆ ನಿಂತಿದ್ದ ನೆರೆಮನೆಯ ಬಿರ್ಯೆರ್ ಗುನ್ವೋರಳಿಗೆ ಲೋಟ ಕೊಡುತ್ತ, "ಏನಮ್ಮ, ಈ ಸಲ ಮೇಣದ ಬದಲು ಅಂಟು ಹಚ್ಚಿದ್ಯಾ?" ಎಂದ. ಸುತ್ತಲಿದ್ದವರು ನಕ್ಕರು.

ಸಂಜೆಯೊಳಗೆ ಷೆಡ್ಡಿನ ಆ ವಿಡಿಯೋ ಎಲ್ಲೆಲ್ಲೂ ಹೋಗಿತ್ತು. ಅದರ ಕೆಳಗೆ ಬರೆದದ್ದನ್ನು ಬಿರ್ಯೆರನೇ ಓದಿ ಹೇಳಿದ, ಈಗ ನಗದೆ: ಮುದುಕಿಯ ಕೈಚಳಕ ಹೋಯಿತು, ಮುದುಕಿಯನ್ನು ಷೆಡ್ಡಿನಿಂದ ಆಚೆ ಹಾಕಿ.

"ಮಾಯ್ಕೆನ್ ಏನು ಬರೆದಿದಾಳೆ?"

"ಅಳೋ ಮುಖದ ಚಿತ್ರ ಹಾಕಿದಾಳೆ. ಅಷ್ಟೆ."

ಗುನ್ವೋರಳಿಗೆ ಮಾಯ್ಕೆನಳ ಬಾಯಿಂದ ಬೇಕಿದ್ದದ್ದು ಒಂದೇ ಮಾತು: ಮೇಣ ಸರಿಯಿತ್ತು, ಸ್ಕೀ ತಣ್ಣಗಾಗಲು ಬಿಡದವಳು ನಾನು. ಆ ಮಾತು ಹೇಳಬೇಕಾದವಳು ಎಂಟನೆಯ ದಿನ ಬಂದಳು. ಒಂದು ಕೈಯಲ್ಲಿ ದಾಲ್ಚಿನ್ನಿ ಬನ್ನು, ಇನ್ನೊಂದರಲ್ಲಿ ಫೋನು.

"ಅಜ್ಜಿ, ನಾವಿಬ್ರೂ ತಬ್ಬಿಕೊಳ್ಳೋಣ. ನಿಮ್ಮನ್ನ ಕ್ಷಮಿಸಿದೀನಿ ಅಂತೀನಿ. ಜನರ ಬಾಯಿ ಮುಚ್ಚತ್ತೆ."

"ನೀನು ನನ್ನ ಕ್ಷಮಿಸ್ತೀಯಾ?"

"ಸುಮ್ನೆ ಅಜ್ಜಿ, ವಿಡಿಯೋಗೆ."

"ಸ್ಕೀ ಬೆಚ್ಚಗಿತ್ತು ಅಂತ ಹೇಳ್ತೀಯಾ?"

ಮಾಯ್ಕೆನ್ ನೆಲ ನೋಡಿದಳು. "ಹಾಗಂದ್ರೆ ನನ್ನನ್ನೇ ಹರ್ಕೊಂಡು ತಿಂತಾರೆ ಅಜ್ಜಿ. ನಿಮಗೇನು, ನೀವು ಫೋನೇ ನೋಡಲ್ಲ."

ಗುನ್ವೋರ್ ಗೋಡೆಯ ಮೊಳೆಗಳತ್ತ ತಿರುಗಿದಳು. ಮಾಯ್ಕೆನಳ ಸ್ಕೀಗಳನ್ನು ಇಳಿಸಿ, ಬೆಂಚಿಗೆ ಬಿಗಿದು, ತಳದ ಮೇಣ ಹೆರೆಯತೊಡಗಿದಳು. ತುದಿಯಿಂದ ತುದಿಗೆ, ಅವಸರವಿಲ್ಲದೆ, ಒಂದೆಳೆ ಮೇಣವೂ ಉಳಿಯದಂತೆ. ಆಮೇಲೆ ಒರೆಸಿ ಅವಳ ಕೈಗೆ ಕೊಟ್ಟಳು.

"ಇದರಲ್ಲಿ ಈಗ ನನ್ನದೇನೂ ಇಲ್ಲ."

"ಅಜ್ಜಿ! ಶನಿವಾರ ಓಟ ಇದೆ. ಮೇಣ ಯಾರು ಹಚ್ತಾರೆ?"

"ಅಷ್ಟು ಲಕ್ಷ ಜನ ಇದಾರಲ್ಲ, ಕೇಳು."

ಬನ್ನು ಬೆಂಚಿನ ಮೇಲೇ ಉಳಿಯಿತು. ಆ ವಾರ ಬೇರೆ ಯಾರೂ ಸ್ಕೀ ತರಲಿಲ್ಲ. ಶನಿವಾರ ಬೆಳಿಗ್ಗೆ ಗುನ್ವೋರ್ ಎಂದಿನಂತೆ ಎದ್ದು, ಹೊರಗೆ ಹೋಗಿ ಹಿಮವನ್ನು ಬೆರಳಲ್ಲಿ ಉಜ್ಜಿ ನೋಡಿದಳು. ಇವತ್ತು ನೀಲಿ ಮೇಣ. ಹೇಳುವುದಕ್ಕೆ ಯಾರೂ ಇರಲಿಲ್ಲ. ಕೈ ಒರೆಸಿಕೊಂಡು ಒಳಗೆ ಬಂದಳು.